ಪೂಜೆ ನಿಂತ ಬಸದಿಗಳಿಗೆ ಒಂದು ಯಾತ್ರೆ: ಲಕ್ಷ್ಮೇಶ್ವರದಿಂದ ಹಂಪಿಯವರೆಗೆ ಸಣ್ಣ ತಂಡದಲ್ಲಿ ಐದು ದಿನ



ನಮ್ಮ ಮನೆಗಳಲ್ಲಿ ಯಾತ್ರೆ ಎಂದರೆ ಶ್ರವಣಬೆಳಗೊಳ, ಮೂಡುಬಿದಿರೆ, ಕಾರ್ಕಳ, ಧರ್ಮಸ್ಥಳ, ಹೊಂಬುಜ. ದೂರದ ಯಾತ್ರೆ ಎಂದರೆ ಸಮ್ಮೇದ ಶಿಖರಜಿ, ಪಾವಾಪುರಿ, ಗಿರನಾರ. ಇಲ್ಲೆಲ್ಲ ನಿತ್ಯ ಅಭಿಷೇಕ, ಪೂಜೆ ಇದೆ. ಉಳಿಯಲು ವಸತಿ, ಶುದ್ಧ ಊಟದ ವ್ಯವಸ್ಥೆ ಇದೆ. ಆದರೆ ನಮ್ಮ ರಾಜ್ಯದಲ್ಲಿಯೇ ಇನ್ನೊಂದು ಬಗೆಯ ಬಸದಿಗಳಿವೆ. ಅಲ್ಲಿ ಗಂಟೆ ಇಲ್ಲ, ಪುರೋಹಿತರಿಲ್ಲ. ಕೆಲವು ಕಡೆ ಗರ್ಭಗೃಹದಲ್ಲಿ ಮೂರ್ತಿಯೂ ಇಲ್ಲ. ಬಾದಾಮಿಯ ಗುಹೆ, ಐಹೊಳೆಯ ಮೇಗುತಿ, ಪಟ್ಟದಕಲ್ಲಿನ ಜೈನ ನಾರಾಯಣ, ಕೊಪ್ಪಳದ ಬೆಟ್ಟ, ಹಂಪಿಯ ಗಾಣಗಿತ್ತಿ ಬಸದಿ ಇವು ಅಂಥವು. ಇವುಗಳನ್ನು ನೋಡಲು ವಿದೇಶದಿಂದ ಜನ ಬರುತ್ತಾರೆ. ನಮ್ಮವರು ಮಾತ್ರ ಪಕ್ಕದ ರಸ್ತೆಯಲ್ಲಿ ಹಾದು ಹೋಗಿಬಿಡುತ್ತೇವೆ.

ಕೆಲವು ವರ್ಷಗಳಿಂದ ನಾವು ನಾಲ್ಕೈದು ಜನ ಸ್ವಯಂಸೇವಕರು ಸೇರಿ ಈ ಸ್ಥಳಗಳಿಗೆ ಹನ್ನೆರಡು ಜನರ ಸಣ್ಣ ತಂಡಗಳನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಹೇಗೆ ಹೋಗಬೇಕು, ಏನು ನೋಡಬೇಕು, ಏನು ಮಾಡಬಾರದು ಎಂಬುದನ್ನು ಬೇರೆ ಊರಿನ ಸಮಾಜದವರೂ ತಿಳಿದು ತಾವೇ ತಂಡ ಮಾಡಿಕೊಳ್ಳಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಹನ್ನೆರಡೇ ಜನ ಯಾಕೆ?

ಮೊದಲ ಸಲ ನಾವು ಹೋದದ್ದು ದೊಡ್ಡ ಬಸ್ಸಿನಲ್ಲಿ, ಐವತ್ತೆರಡು ಜನ. ಬಾದಾಮಿಗೆ ಇಟ್ಟುಕೊಂಡ ಸಮಯ ಒಂದು ಗಂಟೆ. ನಾಲ್ಕನೆಯ ಗುಹೆ, ಅಂದರೆ ನಮ್ಮ ಗುಹೆ, ಎಲ್ಲಕ್ಕಿಂತ ಕೊನೆಗೆ ಇದೆ, ಎಲ್ಲಕ್ಕಿಂತ ಚಿಕ್ಕದೂ ಹೌದು. ಮುಂದೆ ಹೋದವರು ಒಳಗೆ ನಿಂತರೆ ಹಿಂದಿನವರಿಗೆ ಮೆಟ್ಟಿಲ ಮೇಲೆಯೇ ಬಿಸಿಲು. ಮಾರ್ಗದರ್ಶಕರ ಮಾತು ಹತ್ತು ಜನಕ್ಕೆ ಕೇಳಿಸಿತು, ಉಳಿದವರು ಫೋಟೋ ತೆಗೆದುಕೊಂಡು ಇಳಿದರು. ವಯಸ್ಸಾದ ಇಬ್ಬರು ಕೆಳಗಿನ ಟಿಕೆಟ್ ಕೌಂಟರ್ ಹತ್ತಿರವೇ ಕೂತು ಬಂದರು. ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯಿತು. ನಮ್ಮವರಲ್ಲೇ ಒಬ್ಬರು ಭಕ್ತಿಯಿಂದ ಮೂರ್ತಿಯ ಪಾದಕ್ಕೆ ಗಂಧ ಹಚ್ಚಿ ಕರ್ಪೂರ ಬೆಳಗಲು ಹೋದರು. ಕಾವಲುಗಾರರು ಎಲ್ಲರ ಮುಂದೆ ಗದರಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪು ನಮ್ಮದು, ಏಕೆಂದರೆ ಹೊರಡುವ ಮುಂಚೆ ನಾವು ಯಾರಿಗೂ ಏನನ್ನೂ ತಿಳಿಸಿರಲಿಲ್ಲ.

ಆವತ್ತಿನಿಂದ ದೊಡ್ಡ ಬಸ್ಸು ಬಿಟ್ಟೆವು. ಒಂದು ಟೆಂಪೋ ಟ್ರಾವೆಲರ್, ಹನ್ನೆರಡು ಜನ, ಜೊತೆಗೆ ಒಬ್ಬ ಮಾರ್ಗದರ್ಶಕರು. ಇಷ್ಟು ಜನರಾದರೆ ಗುಹೆಯೊಳಗೆ ಎಲ್ಲರೂ ಒಟ್ಟಿಗೆ ನಿಲ್ಲಬಹುದು. ಹಿರಿಯರ ನಡಿಗೆಗೆ ತಕ್ಕಂತೆ ಉಳಿದವರು ನಡೆಯಬಹುದು. ಸೂರ್ಯಾಸ್ತದೊಳಗೆ ಹನ್ನೆರಡು ಜನಕ್ಕೆ ಊಟ ಮಾಡಿಕೊಡಲು ಯಾವ ಊರಿನ ಖಾನಾವಳಿಯವರೂ ಒಪ್ಪುತ್ತಾರೆ, ಐವತ್ತು ಜನಕ್ಕೆ ಒಪ್ಪುವುದು ಕಷ್ಟ.

ಮಾರ್ಗದರ್ಶಕರ ವಿಷಯದಲ್ಲಿ ಒಂದು ಮಾತು. ಬಾದಾಮಿ, ಹಂಪಿಯಲ್ಲಿ ಸರ್ಕಾರದ ಗುರುತಿನ ಚೀಟಿ ಇರುವ ಮಾರ್ಗದರ್ಶಕರು ಸಿಗುತ್ತಾರೆ. ಹಿಂದಿನ ದಿನವೇ ಮಾತಾಡಿ, ‘ನಮಗೆ ಜೈನ ಸ್ಥಳಗಳನ್ನು ನಿಧಾನವಾಗಿ ತೋರಿಸಬೇಕು’ ಎಂದು ಹೇಳಿಡಿ. ಇಲ್ಲದಿದ್ದರೆ ಎಲ್ಲರಿಗೂ ತೋರಿಸುವ ದಾರಿಯಲ್ಲೇ ಕರೆದೊಯ್ಯುತ್ತಾರೆ, ನಮ್ಮ ಬಸದಿ ಕೊನೆಗೆ ಐದು ನಿಮಿಷಕ್ಕೆ ಸರಿಯುತ್ತದೆ. ಇದರ ಜೊತೆ ನಾವು ಇನ್ನೊಂದು ಪದ್ಧತಿ ಮಾಡಿಕೊಂಡಿದ್ದೇವೆ. ಹೊರಡುವ ಒಂದು ತಿಂಗಳ ಮುಂಚೆ ಪ್ರತಿ ಮನೆಗೆ ಒಂದೊಂದು ಸ್ಥಳ ಹಂಚುತ್ತೇವೆ. ಆ ಮನೆಯವರು ಓದಿಕೊಂಡು ಬಂದು ಅಲ್ಲಿ ಹತ್ತು ನಿಮಿಷ ಹೇಳಬೇಕು. ಹೈಸ್ಕೂಲು ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ದಾರಿಯ ಮೂರು ಕಲ್ಲುಗಳು

ಈ ಯಾತ್ರೆಯಲ್ಲಿ ಬಸದಿಗಳಷ್ಟೇ ನೆಲವೂ ನೋಡುವಂಥದ್ದು. ಐದು ದಿನದಲ್ಲಿ ಮೂರು ಬಗೆಯ ಕಲ್ಲು ಸಿಗುತ್ತದೆ. ಯಾವ ಕಲ್ಲು ಎಂಬುದು ತಿಳಿದರೆ ಬಸದಿ ಹಾಗೇಕೆ ಇದೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನದು ಕೆಂಪು ಮರಳುಗಲ್ಲು. ಬಹಳ ಹಿಂದೆ ನೀರು ತಂದು ಹಾಸಿದ ಮರಳು ಪದರ ಪದರವಾಗಿ ಕೂತು, ಒತ್ತಿ, ಕಲ್ಲಾದದ್ದು. ಬಾದಾಮಿಯ ಬಂಡೆಯ ಮುಖದಲ್ಲಿ ಓರೆಯಾಗಿ ಗೆರೆಗಳು ಕಾಣುತ್ತವೆ, ಅವು ಆ ನೀರಿನ ಹರಿವಿನ ಗುರುತು. ಈ ಕಲ್ಲು ಉಳಿಗೆ ಒಗ್ಗುತ್ತದೆ, ಹೀಗಾಗಿ ಬೆಟ್ಟವನ್ನೇ ಕೊರೆದು ಒಳಗೆ ಗುಡಿ ಮಾಡಲು ಸಾಧ್ಯವಾಯಿತು.

ಲಕ್ಕುಂಡಿಯದು ಬಳಪದ ಕಲ್ಲಿನ ಜಾತಿಯ ನುಣುಪಾದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಸೂಕ್ಷ್ಮ ಕೆತ್ತನೆಗೆ ಹೇಳಿ ಮಾಡಿಸಿದ್ದು. ಕಂಬಗಳನ್ನು ಬುಗುರಿಯಂತೆ ಕಡೆದು ಹೊಳಪು ಕೊಡಲು ಬಂದದ್ದು ಈ ಕಲ್ಲಿನಿಂದಲೇ.

ಕೊಪ್ಪಳ ಮತ್ತು ಹಂಪಿಯದು ಕಣಶಿಲೆ, ಅಂದರೆ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯದು. ಹಂಪಿಯ ಗುಂಡುಗಳನ್ನು ಯಾರೋ ಎಸೆದು ರಾಶಿ ಹಾಕಿದಂತೆ ಕಾಣುತ್ತದೆ. ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ ಇದೇ. ನಿಜವಾಗಿ ಅವು ಇದ್ದಲ್ಲಿಯೇ ಇವೆ. ನೆಲದೊಳಗೆ ಇದ್ದಾಗಲೇ ಬಂಡೆಯಲ್ಲಿ ಅಡ್ಡ, ಉದ್ದ ಸೀಳು ಬಿಟ್ಟು, ಸೀಳಿಗೆ ನೀರಿಳಿದು, ಮೂಲೆಗಳು ಮೊದಲು ಕೊಳೆತು ಮಣ್ಣಾದವು. ನಡುವಿನ ಗಟ್ಟಿ ಭಾಗ ದುಂಡಗೆ ಉಳಿಯಿತು. ಮೇಲಿನ ಮಣ್ಣು ಮಳೆಗೆ ಕೊಚ್ಚಿ ಹೋದ ಮೇಲೆ ಗುಂಡಿನ ಮೇಲೆ ಗುಂಡು ನಿಂತಿತು. ಈ ಕಲ್ಲನ್ನು ಕೊರೆದು ಗುಹೆ ಮಾಡುವುದು ಸುಲಭವಲ್ಲ. ಸಾಲಾಗಿ ತೂತು ಹಾಕಿ, ಬೆಣೆ ಬಡಿದು, ಸೀಳಿ, ಚಪ್ಪಡಿಗಳನ್ನು ಜೋಡಿಸಿ ಕಟ್ಟಬೇಕು. ಹಂಪಿಯ ಎಷ್ಟೋ ಬಂಡೆಗಳಲ್ಲಿ ಆ ತೂತಿನ ಸಾಲು ಇಂದಿಗೂ ಹಾಗೇ ಇದೆ.

ಒಂದನೆಯ ದಿನ: ಲಕ್ಷ್ಮೇಶ್ವರ, ಲಕ್ಕುಂಡಿ

ಪೂಜೆ ನಡೆಯುವ ಬಸದಿಯಿಂದಲೇ ಯಾತ್ರೆ ಶುರುಮಾಡುವುದು ನಮ್ಮ ರೂಢಿ. ಹುಬ್ಬಳ್ಳಿಯಿಂದ ಬೆಳಿಗ್ಗೆ ಬೇಗ ಹೊರಟರೆ ಲಕ್ಷ್ಮೇಶ್ವರದ ಶಂಖ ಬಸದಿಯಲ್ಲಿ ದರ್ಶನ ಮಾಡಿಕೊಳ್ಳಬಹುದು. ನೇಮಿನಾಥ ಸ್ವಾಮಿಯ ಲಾಂಛನ ಶಂಖ ಎಂಬುದನ್ನು ಮಕ್ಕಳಿಗೆ ಇಲ್ಲೇ ಹೇಳಿಕೊಡಿ. ಒಂದೇ ಕಲ್ಲಿನಲ್ಲಿ ಸಾಲುಸಾಲಾಗಿ ಸಣ್ಣ ಜಿನಬಿಂಬಗಳಿರುವ ಸಹಸ್ರಕೂಟವನ್ನು ತಪ್ಪದೆ ನೋಡಿ. ಅನಂತನಾಥ ಬಸದಿಯೂ ಊರಲ್ಲೇ ಇದೆ.

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಆದಿಕವಿ ಪಂಪ ತಾನು ಬರೆದದ್ದು ಈ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ಹೇಳಿಕೊಂಡಿದ್ದಾನೆ. ಕವಿರಾಜಮಾರ್ಗವು ಕನ್ನಡದ ತಿರುಳು ನಾಡು ಎಂದು ಗುರುತಿಸುವ ನಾಲ್ಕು ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ. ಅಂದರೆ ನಾಲ್ಕರಲ್ಲಿ ಮೂರು ಊರುಗಳು ನಮ್ಮ ದಾರಿಯಲ್ಲೇ ಬರುತ್ತವೆ.

ಮಧ್ಯಾಹ್ನದ ನಂತರ ಗದಗಿನ ಮೇಲೆ ಲಕ್ಕುಂಡಿ. ಗದಗಿನಿಂದ ಸುಮಾರು 12 ಕಿಲೋಮೀಟರ್. ಇಲ್ಲಿಯ ಬ್ರಹ್ಮ ಜಿನಾಲಯವನ್ನು ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳು. ಗಂಡ ನಾಗದೇವ ಯುದ್ಧದಲ್ಲಿ ತೀರಿಕೊಂಡ ಮೇಲೆ ಮಗ ಅಣ್ಣಿಗದೇವನನ್ನು ಬೆಳೆಸಿ, ಉಳಿದ ಬದುಕನ್ನು ಧರ್ಮಕ್ಕೂ ಸಾಹಿತ್ಯಕ್ಕೂ ಕೊಟ್ಟ ತಾಯಿ ಆಕೆ. ರನ್ನ 993ರಲ್ಲಿ ಅಜಿತಪುರಾಣ ಬರೆದದ್ದು ಆಕೆಯ ಆಶ್ರಯದಲ್ಲಿ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳು. ಮುದ್ರಣ ಇಲ್ಲದ ಕಾಲ. ಒಂದೊಂದು ಪ್ರತಿಯನ್ನೂ ಒಬ್ಬ ಲಿಪಿಕಾರ ಕೂತು ಬರೆಯಬೇಕು. ನಾನು ವ್ಯಾಪಾರದವನು, ಸಾವಿರ ಪ್ರತಿಗೆ ಎಷ್ಟು ಕೈ, ಎಷ್ಟು ದಿನ, ಎಷ್ಟು ಖರ್ಚು ಎಂದು ಲೆಕ್ಕ ಹಾಕಲು ಕೂತರೆ ತಲೆ ತಿರುಗುತ್ತದೆ. ಇಂದು ನಾವು ದಾನ ಎಂದರೆ ಕಟ್ಟಡ ಎಂದುಕೊಳ್ಳುತ್ತೇವೆ. ಆಕೆ ಕಟ್ಟಡವನ್ನೂ ಕಟ್ಟಿಸಿದಳು, ಗ್ರಂಥವನ್ನೂ ಉಳಿಸಿದಳು.

ಮಂಟಪದಲ್ಲಿ ನಾಲ್ಕು ಮುಖದ ಬ್ರಹ್ಮನ ಮೂರ್ತಿ, ಪದ್ಮಾವತಿ ಅಮ್ಮನವರ ಮೂರ್ತಿ ಇವೆ. ಕಾಶಿ ವಿಶ್ವೇಶ್ವರ ದೇವಸ್ಥಾನವೂ ಇದೇ ಊರಿನಲ್ಲಿದೆ, ಅದರ ಕೆತ್ತನೆಯನ್ನೂ ನೋಡಿಯೇ ಹೋಗಿ. ರಾತ್ರಿ ಗದಗಿನಲ್ಲಿ ವಾಸ.

ಎರಡನೆಯ ದಿನ: ಬಾದಾಮಿ

ಗುಹೆಗಳಿಗೆ ಬೆಳಿಗ್ಗೆ ಅಥವಾ ಸಂಜೆಯ ಹೊತ್ತು ಹೋಗಬೇಕು. ನಡು ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಬರಿಗಾಲಲ್ಲಿ ನಿಲ್ಲಲು ಆಗುವುದಿಲ್ಲ. ಕೈಯಲ್ಲಿ ತಿನ್ನುವ ಪದಾರ್ಥ ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ. ಮೆಟ್ಟಿಲು ಸಾಕಷ್ಟಿವೆ, ಆದರೆ ಪ್ರತಿ ಗುಹೆಯ ಮುಂದೆಯೂ ಕೂತು ದಣಿವಾರಿಸಿಕೊಳ್ಳಲು ಜಾಗವಿದೆ. ಮೊಣಕಾಲು ನೋವಿನವರು ಒಂದೊಂದು ಗುಹೆಗೆ ಕಾಲು ಗಂಟೆ ಬಿಡುವು ಕೊಟ್ಟುಕೊಂಡರೆ ಮೇಲಿನವರೆಗೂ ಹತ್ತಬಹುದು. ನಮ್ಮ ತಂಡದಲ್ಲಿ ಎಪ್ಪತ್ತು ದಾಟಿದವರು ಹತ್ತಿದ್ದಾರೆ.

ಮೊದಲನೆಯದು ಶಿವನ ಗುಹೆ, ಹದಿನೆಂಟು ಕೈಯ ನಟರಾಜ ಇಲ್ಲಿದ್ದಾನೆ. ಎರಡು ಮತ್ತು ಮೂರು ವಿಷ್ಣುವಿನವು. ಮೂರನೆಯದರಲ್ಲಿ ಚಾಲುಕ್ಯ ಮಂಗಳೇಶನ 578ರ ಶಾಸನವಿದೆ. ನಾಲ್ಕನೆಯದು ನಮ್ಮದು. ಆರನೆಯ ಶತಮಾನದ ಕೊನೆ ಅಥವಾ ಏಳನೆಯ ಶತಮಾನದ್ದು ಎಂದು ಬಲ್ಲವರು ಹೇಳುತ್ತಾರೆ. ಗೋಡೆ, ಕಂಬಗಳ ಮೇಲಿನ ಸಣ್ಣ ಜಿನಬಿಂಬಗಳಲ್ಲಿ ಕೆಲವು ಆಮೇಲಿನ ಕಾಲದಲ್ಲಿ ಸೇರಿದವು.

ಮುಖಮಂಟಪದ ಒಂದು ತುದಿಯಲ್ಲಿ ಪಾರ್ಶ್ವನಾಥ ಸ್ವಾಮಿ, ಎದುರು ತುದಿಯಲ್ಲಿ ಬಾಹುಬಲಿ ಸ್ವಾಮಿ, ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು ಎತ್ತರದ ಮೂರ್ತಿಗಳು. ಕೈಕಾಲಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹಾವುಗಳಿವೆ. ಇಲ್ಲಿ ನಿಂತು ಒಂದು ಲೆಕ್ಕ ಹಾಕಿ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು ಚಾವುಂಡರಾಯ ಮಾಡಿಸಿದ್ದು 981ರ ಸುಮಾರಿಗೆ. ಬಾದಾಮಿಯ ಈ ಬಾಹುಬಲಿ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನವನು. ಬೆಳಗೊಳದಲ್ಲಿ ನಾವು ತಲೆ ಎತ್ತಿ ನೋಡುತ್ತೇವೆ. ಇಲ್ಲಿ ಸ್ವಾಮಿ ನಮ್ಮ ಮುಖಾಮುಖಿ ನಿಂತಿದ್ದಾನೆ.

ಗರ್ಭಗೃಹದಲ್ಲಿ ಪದ್ಮಾಸನದ ಜಿನಮೂರ್ತಿ ಇದೆ, ಸಾಮಾನ್ಯವಾಗಿ ಮಹಾವೀರ ಸ್ವಾಮಿ ಎನ್ನುತ್ತಾರೆ. ಗುಹೆಯಿಂದ ಹೊರಬಂದು ನಿಂತರೆ ಕೆಳಗೆ ಅಗಸ್ತ್ಯ ತೀರ್ಥ, ಎದುರಿಗೆ ಕೆಂಪು ಬಂಡೆಯ ಗೋಡೆ. ಇಲ್ಲಿ ನಾವು ಎಲ್ಲರೂ ಕೂತು ಹತ್ತು ನಿಮಿಷ ಮೌನವಾಗಿ ಪಂಚನಮಸ್ಕಾರ ಮಂತ್ರ ಹೇಳಿಕೊಳ್ಳುತ್ತೇವೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಮೂರನೆಯ ದಿನ: ಪಟ್ಟದಕಲ್ಲು, ಐಹೊಳೆ

ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್. ವಿಶ್ವ ಪರಂಪರೆಯ ಪಟ್ಟಿಗೆ 1987ರಲ್ಲಿ ಸೇರಿದ ಊರು. ವಿರೂಪಾಕ್ಷ, ಮಲ್ಲಿಕಾರ್ಜುನ ಮೊದಲಾದ ದೇವಾಲಯಗಳು ಒಂದೇ ಆವರಣದಲ್ಲಿವೆ. ಜೈನ ನಾರಾಯಣ ಬಸದಿ ಮಾತ್ರ ಅಲ್ಲಿಲ್ಲ, ಬಾದಾಮಿ ಕಡೆಯ ರಸ್ತೆಯಲ್ಲಿ ಬೇರೆಯಾಗಿ ಇದೆ. ಬಹಳ ಜನ ನೋಡದೆ ಹೋಗುವುದು ಇದಕ್ಕೇ. ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ಕಾಲದ್ದು. ಮಂಟಪದ ಬಾಗಿಲಿನ ಎರಡು ಬದಿಗೆ ಕಲ್ಲಿನ ಆನೆಗಳಿವೆ. ‘ನಾರಾಯಣ’ ಎಂಬ ಹೆಸರು ಕೇಳಿ ಗೊಂದಲವಾಗಬೇಡಿ, ಅದು ರೂಢಿಯಲ್ಲಿ ಬಂದ ಹೆಸರು, ಕಟ್ಟಡ ಜಿನಾಲಯವೇ.

ಅಲ್ಲಿಂದ ಐಹೊಳೆ. ಬೆಟ್ಟದ ಮೇಲಿನ ಮೇಗುತಿ ಬಸದಿ ಈ ಯಾತ್ರೆಯ ತಲೆಕಳಶ. ಇದನ್ನು ಕಟ್ಟಿಸಿದವನು ಇಮ್ಮಡಿ ಪುಲಕೇಶಿಯ ಆಸ್ಥಾನದ ಜೈನ ಕವಿ ರವಿಕೀರ್ತಿ. ಶಕ 556, ಅಂದರೆ 634-35ನೆಯ ಇಸವಿ. ತೇದಿ ಕಲ್ಲಿನಲ್ಲೇ ಬರೆದಿದೆ. ಎಷ್ಟೋ ಹಳೆಯ ದೇವಾಲಯಗಳ ಕಾಲವನ್ನು ವಿದ್ವಾಂಸರು ಊಹಿಸಿ ಹೇಳಬೇಕಾಗುತ್ತದೆ, ಇದಕ್ಕೆ ಊಹೆ ಬೇಕಿಲ್ಲ. ಹೊರಗಿನ ಪೂರ್ವ ಗೋಡೆಯಲ್ಲಿರುವ ಆ ಸಂಸ್ಕೃತ ಶಾಸನದಲ್ಲಿ ಪುಲಕೇಶಿ ಉತ್ತರದ ಹರ್ಷನನ್ನು ತಡೆದ ಸಂಗತಿ ಇದೆ. ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡಿದ್ದಾನೆ. ಈ ಸಾಲಿನಿಂದ ದೇಶದ ಸಾಹಿತ್ಯ ಚರಿತ್ರೆಗೆ ದೊಡ್ಡ ಉಪಕಾರವಾಯಿತು. 634ಕ್ಕಿಂತ ಮುಂಚೆಯೇ ಕಾಳಿದಾಸ, ಭಾರವಿಯರು ಪ್ರಸಿದ್ಧರಾಗಿದ್ದರು ಎಂಬುದಕ್ಕೆ ಇದೇ ಗಟ್ಟಿ ಸಾಕ್ಷಿ. ಶಾಲೆಯ ಪುಸ್ತಕದಲ್ಲಿ ‘ಐಹೊಳೆ ಶಾಸನ’ ಎಂದು ಓದುವ ಮಕ್ಕಳಿಗೆ, ಅದು ಬಸದಿಯ ಗೋಡೆಯ ಮೇಲಿದೆ, ಬರೆಸಿದವನು ಶ್ರಾವಕ ಎಂಬುದು ಗೊತ್ತಿರುವುದಿಲ್ಲ.

ಬೆಟ್ಟ ಹತ್ತುವ ದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಮಂದಿರ ಸಿಗುತ್ತದೆ. ಮೇಲೆ ಬಸದಿಯ ಹಿಂದೆ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ, ಅವು ಚಾಲುಕ್ಯರಿಗಿಂತ ಎಷ್ಟೋ ಹಳೆಯವು. ಇನ್ನೊಂದು ಬದಿಗೆ ಬೆಟ್ಟದಲ್ಲಿ ಕೊರೆದ ಜೈನ ಗುಹೆ ಇದೆ, ಅದರಲ್ಲೂ ಪಾರ್ಶ್ವನಾಥ, ಬಾಹುಬಲಿಯರು ಎದುರುಬದುರು ಇದ್ದಾರೆ. ಮೇಗುತಿಯಲ್ಲಿದ್ದ ಅಂಬಿಕಾ ಯಕ್ಷಿಯ ಸುಂದರ ಮೂರ್ತಿ ಈಗ ಐಹೊಳೆಯ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ನೋಡದೆ ವಾಪಸ್ಸು ಬರಬೇಡಿ.

ಇದೇ ಬೆಟ್ಟದ ಮೇಲೆ ನಮ್ಮ ತಂಡದ ಹಿರಿಯ ಅಕ್ಕ ಒಬ್ಬರು ನನ್ನನ್ನು ಕೇಳಿದ್ದರು: “ತಮ್ಮಾ, ಅಭಿಷೇಕ ಇಲ್ಲ, ಆರತಿ ಇಲ್ಲ, ಒಳಗ ದೇವರಿಗೆ ಹೂವ ಏರಸೂ ಹಂಗಿಲ್ಲ. ಇಷ್ಟು ದಣಕೊಂಡು ಇಲ್ಲಿಗ್ಯಾಕ ಕರಕೊಂಡ ಬಂದಿ?” ಆಗ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ನಮ್ಮ ಜೊತೆಗಿದ್ದ ಹೈಸ್ಕೂಲಿನ ಹುಡುಗಿ ಮಾತ್ರ, “ಆಯೀ, ಇಲ್ಲಿ ನೋಡ್ರಿ, ಇಲ್ಲಿ ಅವರ ಹೆಸರು ಐತಿ” ಎಂದು ಮಾರ್ಗದರ್ಶಕರು ತೋರಿಸಿಕೊಟ್ಟಿದ್ದ ರವಿಕೀರ್ತಿಯ ಹೆಸರಿನ ಕಡೆ ಕೈಮಾಡಿ ತೋರಿಸಿದಳು. ಅಕ್ಕ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

ನಾಲ್ಕನೆಯ ದಿನ: ಕೊಪ್ಪಳ

ಬಾದಾಮಿಯಿಂದ ಗಜೇಂದ್ರಗಡದ ಮೇಲೆ ಕೊಪ್ಪಳಕ್ಕೆ ಬರುವಾಗ ನೆಲ ಬದಲಾಗುವುದನ್ನು ಕಿಟಕಿಯಿಂದ ನೋಡುತ್ತ ಬನ್ನಿ. ಕೆಂಪು ಮರಳುಗಲ್ಲು ಹಿಂದೆ ಉಳಿದು, ಕಪ್ಪು ಮಣ್ಣಿನ ಬಯಲು ಬಂದು, ಕೊನೆಗೆ ಬೂದು ಬಣ್ಣದ ಗುಂಡುಗಲ್ಲಿನ ಗುಡ್ಡಗಳು ಏಳುತ್ತವೆ.

ಕೊಪಣ ಒಂದು ಕಾಲಕ್ಕೆ ಮಹಾತೀರ್ಥ ಎಂದು ಹೆಸರಾದ ಕ್ಷೇತ್ರ. ಅನೇಕ ಬಸದಿಗಳು ಇಲ್ಲಿದ್ದವು, ಅನೇಕರು ಇಲ್ಲಿ ಬಂದು ಸಲ್ಲೇಖನ ವ್ರತದಿಂದ ದೇಹ ಬಿಟ್ಟರು. ಗವಿಮಠದ ಬೆಟ್ಟದಲ್ಲಿ ಮತ್ತು ಪಾಲ್ಕಿಗುಂಡುವಿನಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ, ಅವು ಬೆಳಕಿಗೆ ಬಂದದ್ದು 1931ರಲ್ಲಿ. ಪಾಲ್ಕಿಗುಂಡು ಎಂದರೆ ಗುಂಡುಗಳ ಮೇಲೆ ಅಗಲವಾದ ಬಂಡೆ ಕೂತು ಪಲ್ಲಕ್ಕಿಯಂತೆ ಕಾಣುವ ಗುಡ್ಡ. ಅಲ್ಲಿಯೇ ಬಂಡೆಯ ಮೇಲೆ ಎರಡು ಪಾದಗಳನ್ನು ಕೆತ್ತಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದಿದೆ. ಇವು ಜಟಾಸಿಂಹನಂದಿ ಆಚಾರ್ಯರ ಪಾದಗಳು, ಚಾವಯ್ಯ ಎಂಬವನು ಮಾಡಿಸಿದ್ದು. ಸಂಸ್ಕೃತದ ವರಾಂಗಚರಿತ ಬರೆದ ಆಚಾರ್ಯರು ಇವರೇ.

ಈ ಸ್ಥಳಕ್ಕೆ ಗೋಪುರ ಇಲ್ಲ, ಬಾಗಿಲು ಇಲ್ಲ. ಮೇಲೆ ಆಕಾಶ, ಕೆಳಗೆ ಬಂಡೆ. ಆದರೆ ನಿಗ್ರಂಥ ಮುನಿಗಳು ಇಂಥ ಜಾಗವನ್ನು ಏಕೆ ಆರಿಸಿಕೊಂಡರು ಎಂಬುದು ಇಲ್ಲಿ ನಿಂತರೆ ತಿಳಿಯುತ್ತದೆ. ಗುಂಡುಗಳ ಸಂದಿಯಲ್ಲಿ ನೆರಳಿದೆ, ಮಳೆಗೆ ಆಸರೆಯಿದೆ, ಊರು ಆಹಾರಕ್ಕೆ ನಡೆದು ಹೋಗುವಷ್ಟು ಹತ್ತಿರ, ಧ್ಯಾನಕ್ಕೆ ಸಾಕಾಗುವಷ್ಟು ದೂರ. ಏರುವುದು ಸ್ವಲ್ಪ ಕಷ್ಟ. ಬಂಡೆ ಜಾರುತ್ತದೆ, ಹಿರಿಯರಿಗೆ ಕೈ ಹಿಡಿಯಲು ಒಬ್ಬೊಬ್ಬ ಯುವಕರು ಇರಬೇಕು. ಸಣ್ಣ ತಂಡವಾದರೆ ಮಾತ್ರ ಇದು ಸಾಧ್ಯ. ರಾತ್ರಿ ಹೊಸಪೇಟೆಯಲ್ಲಿ ವಾಸ.

ಐದನೆಯ ದಿನ: ಹಂಪಿ

ಹಂಪಿಯಲ್ಲಿ ನಮ್ಮವರಿಗೆ ಆಗುವ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ವಿರೂಪಾಕ್ಷ ದೇವಸ್ಥಾನದ ಪಕ್ಕದ ಹೇಮಕೂಟ ಬೆಟ್ಟದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರದ ಕಲ್ಲಿನ ಗುಡಿಗಳಿವೆ. ಇವನ್ನು ‘ಜೈನ ಬಸದಿಗಳು’ ಎಂದು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ನಮ್ಮ ಮೊದಲ ಯಾತ್ರೆಯಲ್ಲೂ ಹಾಗೇ ಹೇಳಿದರು, ನಾವೂ ನಂಬಿ ಕೈಮುಗಿದು ಬಂದೆವು. ನಿಜವಾಗಿ ಅವು ಶಿವಾಲಯಗಳು. ಕಂಪಿಲದೇವನು ಅಲ್ಲಿ ಶಿವಾಲಯ ಕಟ್ಟಿಸಿ ಲಿಂಗಗಳನ್ನು ಸ್ಥಾಪಿಸಿದ ಶಾಸನವೇ ಇದೆ. ಮೆಟ್ಟಿಲು ಶಿಖರ ಒಂದು ಕಟ್ಟುವ ರೀತಿ, ಅದನ್ನು ಎಲ್ಲ ಮತದವರೂ ಬಳಸಿದ್ದಾರೆ. ಅಂಗಡಿಯ ಲೆಕ್ಕದಲ್ಲಿ ನಮ್ಮದಲ್ಲದ ಜಮೆಯನ್ನು ನಮ್ಮ ಖಾತೆಗೆ ಬರೆದುಕೊಳ್ಳಬಾರದು. ಬರೆದುಕೊಂಡರೆ ನಿಜವಾದ ಜಮೆಯನ್ನೂ ಜನ ಅನುಮಾನಿಸುತ್ತಾರೆ. ಅಚೌರ್ಯ ವ್ರತ ಇಲ್ಲಿಗೂ ಅನ್ವಯಿಸುತ್ತದೆ ಎಂದೇ ನನ್ನ ಭಾವನೆ.

ನಮ್ಮ ನಿಜವಾದ ಜಮೆ ಹಂಪಿಯಲ್ಲಿ ಕಡಿಮೆಯೇನಿಲ್ಲ. ಕಮಲಾಪುರದ ರಸ್ತೆಯಲ್ಲಿ ಗಾಣಗಿತ್ತಿ ಬಸದಿ ಇದೆ. ಇಮ್ಮಡಿ ಹರಿಹರನ ಮಂತ್ರಿಯೂ ದಂಡನಾಯಕನೂ ಆಗಿದ್ದ ಇರುಗಪ್ಪ ಇದನ್ನು 1385ರಲ್ಲಿ ಕುಂಥುನಾಥ ಸ್ವಾಮಿಗೆ ಕಟ್ಟಿಸಿದನು. ಮುಂದಿರುವ ಎತ್ತರದ ಕಂಬದ ಮೇಲೆ ಆ ಶಾಸನವಿದೆ. ಇದೇ ಇರುಗಪ್ಪ ಸಂಸ್ಕೃತದಲ್ಲಿ ನಿಘಂಟು ಬರೆದವನು, ಕಂಚಿಯ ಹತ್ತಿರದ ತಿರುಪ್ಪರುತ್ತಿಕುನ್ರಂ ಬಸದಿಗೆ ಮಂಟಪ ಕಟ್ಟಿಸಿದವನು. ಪಾನಸುಪಾರಿ ಬಜಾರಿನ ಹತ್ತಿರ ಇಮ್ಮಡಿ ದೇವರಾಯ 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯದ ಅವಶೇಷವಿದೆ. ಹಿಂದೂ ದೊರೆಯ ರಾಜಧಾನಿಯ ಬಜಾರಿನಲ್ಲಿ ದೊರೆಯೇ ಕಟ್ಟಿಸಿದ ಬಸದಿ ಅದು. ಇದಕ್ಕೂ ಮುಂಚೆ 1368ರಲ್ಲಿ ಬುಕ್ಕರಾಯ ಜೈನರಿಗೂ ವೈಷ್ಣವರಿಗೂ ಬಂದ ವಿವಾದ ತೀರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲ ಎಂದು ಬರೆಸಿದ ಶಾಸನ ಶ್ರವಣಬೆಳಗೊಳದಲ್ಲಿದೆ. ಇವೆರಡನ್ನೂ ಒಟ್ಟಿಗೆ ಮಕ್ಕಳಿಗೆ ಹೇಳಿ.

ಮೂರ್ತಿ ಇಲ್ಲದ, ಶಿಖರ ಮುರಿದ ಗುಡಿ ಯಾರದು ಎಂದು ತಿಳಿಯುವ ಬಗೆ

- ಬಾಗಿಲಿನ ಮೇಲಿನ ಪಟ್ಟಿಯ ನಡುವೆ ಕೂತ ಜಿನಬಿಂಬ, ಮೇಲೆ ಮುಕ್ಕೊಡೆ ಇದ್ದರೆ ಬಸದಿ. ಗಜಲಕ್ಷ್ಮಿ ಮಾತ್ರ ಇದ್ದರೆ ತೀರ್ಮಾನಿಸಬೇಡಿ, ಅದು ಎಲ್ಲ ಮತದ ಗುಡಿಗಳಲ್ಲೂ ಬರುತ್ತದೆ.
- ಏಳು ಹೆಡೆ ಇದ್ದರೆ ಪಾರ್ಶ್ವನಾಥ, ಐದು ಹೆಡೆ ಇದ್ದರೆ ಸುಪಾರ್ಶ್ವನಾಥ. ಭುಜದ ಮೇಲೆ ಕೂದಲು ಇಳಿದಿದ್ದರೆ ಆದಿನಾಥ. ಬಳ್ಳಿ ಹಬ್ಬಿದ್ದರೆ ಬಾಹುಬಲಿ, ಬಾಹುಬಲಿ ತೀರ್ಥಂಕರ ಅಲ್ಲ ಎಂಬುದನ್ನು ಮಕ್ಕಳಿಗೆ ನೆನಪಿಸಿ.
- ಪೀಠದ ಎರಡು ಮೂಲೆಯಲ್ಲಿ ಸಿಂಹ ಇದ್ದ ಮಾತ್ರಕ್ಕೆ ಮಹಾವೀರ ಅಲ್ಲ. ಅದು ಸಿಂಹಾಸನ, ಯಾವ ತೀರ್ಥಂಕರರಿಗೂ ಇರಬಹುದು. ಲಾಂಛನವನ್ನು ಪೀಠದ ನಡುವೆ ಹುಡುಕಬೇಕು. ಬಹಳ ಹಳೆಯ ಮೂರ್ತಿಗಳಲ್ಲಿ ಲಾಂಛನವೇ ಇರುವುದಿಲ್ಲ.
- ಬುದ್ಧನ ಮೂರ್ತಿಯಲ್ಲಿ ಬಟ್ಟೆಯ ಅಂಚಿನ ಗೆರೆ ಕಾಣುತ್ತದೆ. ನಮ್ಮ ಕಡೆಯ ಹಳೆಯ ಜಿನಮೂರ್ತಿಗಳು ದಿಗಂಬರ.

ಊಟ, ನೀರು, ಕಾಲ

ದೀಪಾವಳಿ ಮುಗಿದ ಮೇಲಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಚಾತುರ್ಮಾಸದಲ್ಲಿ ನಮ್ಮ ಊರುಗಳಲ್ಲೇ ಮುನಿಸಂಘ ಇರುತ್ತದೆ, ಬಂಡೆಗಳೂ ಜಾರುತ್ತವೆ, ಆಗ ಬೇಡ. ಬೇಸಿಗೆಯಲ್ಲಂತೂ ಈ ಕಲ್ಲಿನ ನಾಡು ಕಾದ ಹಂಚು.

ಈ ತಿಂಗಳುಗಳಲ್ಲಿ ಸೂರ್ಯಾಸ್ತ ಬೇಗ. ಸಂಜೆ ಐದು ಗಂಟೆಗೆ ಊಟ ಎಂದು ವಸತಿಯವರಿಗೆ ಮೊದಲೇ ಹೇಳಿ, ಈರುಳ್ಳಿ, ಬೆಳ್ಳುಳ್ಳಿ, ಕಂದಮೂಲ ಬೇಡ ಎಂದು ಬರೆದುಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಆಲೂಗಡ್ಡೆ ಬಂದೇ ಬರುತ್ತದೆ. ಕೊಪ್ಪಳದ ದಿನ ಹೊತ್ತು ಮೀರುವ ಸಾಧ್ಯತೆ ಇರುವುದರಿಂದ ಬುತ್ತಿ ಕಟ್ಟಿಕೊಳ್ಳಿ. ಕಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಹಚ್ಚಿದ ಅವಲಕ್ಕಿ ಸಾಕು. ಸೋಸಿ ಕಾಸಿದ ನೀರಿಗೆ ದೊಡ್ಡ ಸ್ಟೀಲ್ ಡಬ್ಬ ಗಾಡಿಯಲ್ಲೇ ಇರಲಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಗಾಡಿಯಲ್ಲಿ ಬಿಡಬೇಡಿ.

ಮಾಡಬಾರದ್ದು

ಇವು ಸಂರಕ್ಷಿತ ಸ್ಮಾರಕಗಳು. ಪೂಜೆ ನಿಂತ ಸ್ಥಳದಲ್ಲಿ ನಾವಾಗಿ ಪೂಜೆ ಶುರುಮಾಡುವಂತಿಲ್ಲ. ಎಣ್ಣೆ, ಗಂಧ, ಕುಂಕುಮ, ಹಾಲು ಯಾವುದೂ ಬೇಡ. ಎಣ್ಣೆ ಕಲ್ಲಿನ ಸಂದಿಯಲ್ಲಿ ಇಳಿದು ಧೂಳು ಹಿಡಿಸುತ್ತದೆ, ಮರಳುಗಲ್ಲಿನಲ್ಲಿ ಅದು ಮತ್ತೆ ಹೋಗುವುದಿಲ್ಲ. ಶಾಸನದ ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕಬಾರದು, ಮೊಬೈಲಿನ ಬೆಳಕನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರ ತಾನೇ ಎದ್ದು ಕಾಣುತ್ತದೆ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೊಲದಲ್ಲಿ, ಬೇಲಿಯ ಪಕ್ಕದಲ್ಲಿ ಜಿನಬಿಂಬವೋ ಶಾಸನವೋ ಬಿದ್ದಿದ್ದು ಕಂಡರೆ ಎತ್ತಿಕೊಂಡು ಬರಬೇಡಿ. ಎಲ್ಲಿದೆ ಎಂಬ ಗುರುತಿನೊಂದಿಗೆ ಫೋಟೋ ತೆಗೆದು ಪಂಚಾಯತಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಎಲ್ಲಿ ಸಿಕ್ಕಿತು ಎಂಬ ಮಾಹಿತಿ ಕಳೆದುಹೋದರೆ ಆ ಕಲ್ಲಿನ ಅರ್ಧ ಚರಿತ್ರೆ ಹೋದಂತೆ.

ಅಕ್ಕನ ಪ್ರಶ್ನೆಗೆ ಉತ್ತರ

ಮೇಗುತಿಯ ಮೇಲೆ ಅಕ್ಕ ಕೇಳಿದ ಪ್ರಶ್ನೆ ನನ್ನನ್ನು ಹಂಪಿಯವರೆಗೂ ಬಿಡಲಿಲ್ಲ. ಪೂಜೆ ಇರುವ ಬಸದಿಯನ್ನು ಪೂಜೆಯೇ ಕಾಯುತ್ತದೆ. ದಿನಾ ಬಾಗಿಲು ತೆಗೆಯುವವರಿದ್ದಾರೆ, ಸೋರಿದರೆ ನೋಡುವವರಿದ್ದಾರೆ. ಪೂಜೆ ನಿಂತ ಬಸದಿಯನ್ನು ಇಲಾಖೆಯವರು ಕಾಯಬಹುದು, ಆದರೆ ಅದು ಯಾರದು, ಏನು ಹೇಳುತ್ತದೆ ಎಂಬ ತಿಳಿವಳಿಕೆಯನ್ನು ಕಾಯಬೇಕಾದವರು ನಾವು. ರತ್ನತ್ರಯದಲ್ಲಿ ಸಮ್ಯಗ್ದರ್ಶನದ ಜೊತೆಗೇ ಸಮ್ಯಗ್ಜ್ಞಾನವೂ ಇದೆಯಲ್ಲವೇ? ಇಲ್ಲಿ ಹೂವು ಏರಿಸಲು ಆಗುವುದಿಲ್ಲ, ಓದಿ ತಿಳಿಯಲು ಆಗುತ್ತದೆ. ಅದೇ ಇಲ್ಲಿಯ ಪೂಜೆ ಎಂದು ಗಾಣಗಿತ್ತಿ ಬಸದಿಯ ಮುಂದೆ ಕೂತು ಅಕ್ಕನಿಗೆ ಹೇಳಿದೆ. ಅವರು ಏನೂ ಹೇಳಲಿಲ್ಲ, ಖಾಲಿ ಗರ್ಭಗೃಹದ ಕಡೆ ಕೈಮುಗಿದು ಎದ್ದರು.

ಊರಿಗೆ ಬಂದ ಎಂಟು ದಿನಕ್ಕೆ ಅವರ ಫೋನು ಬಂತು. ಅವರ ಹಳ್ಳಿಯ ಬಸದಿಯ ಅಂಗಳದಲ್ಲಿ ಒಂದು ಚಪ್ಪಡಿ ಇದೆ, ಸಣ್ಣವರಿದ್ದಾಗಿನಿಂದ ಎಲ್ಲರೂ ಅದರ ಮೇಲೆ ಕೂತು ಚಪ್ಪಲಿ ಬಿಡುತ್ತಾರೆ. “ಅದರ ಬಗಲಾಗ ಅಕ್ಷರ ಅದಾವ ತಮ್ಮಾ. ಇಷ್ಟು ವರ್ಷ ನಾ ನೋಡೇ ಇರಲಿಲ್ಲ. ಓದವರನ್ನ ಕಳಸತೀಯೇನು?” ಎಂದರು.

ಓದುವವರನ್ನು ಹುಡುಕುತ್ತಿದ್ದೇವೆ. ಈಗ ಆ ಕಲ್ಲಿನ ಮೇಲೆ ಯಾರೂ ಕೂರುವುದಿಲ್ಲ.